ಸಮುದ್ರಕ್ಕೆ ಸಿಆರ್‌ಝಡ್, ಭೀಮಾ ದಂಡಿಗೆ ಏನು?

ಪ್ರಶ್ನೆ: ಶರಣ್ರಿ ವಕೀಲ ಸಾಹೇಬ್ರ. ನಮ್ಮೂರು ಚಿತ್ತಾಪುರ ತಾಲ್ಲೂಕಿನಾಗ, ಭೀಮಾ ಹೊಳಿ ದಂಡಿಗೆ ಅದ. ಹೊರಗಿನ ಪಾರ್ಟಿಯವ್ರು ಹೊಳಿಗೆ ಹತ್ತಿದ ಇಪ್ಪತ್ತು ಎಕರೆ ಜಮೀನು ಖರೀದಿ ಮಾಡ್ಯಾರ, ರೆಸಾರ್ಟ್ ಕಟ್ತಾರಂತ. ಈಗಾಗ್ಲೇ ತಂತಿ ಬೇಲಿ ಹಾಕಿ ಹೊಳಿಗೆ ಇಳಿಯೋ ಬಂಡಿದಾರಿ ಬಂದ್ ಮಾಡ್ಯಾರ. ಆ ಜಮೀನದಾಗ ಒಂದು ಹಳೇ ದಿಬ್ಬ ಅದ, ಮಳಿ ಬಿದ್ರ ದೊಡ್ಡ ದೊಡ್ಡ ಇಟ್ಟಂಗಿ, ಮಡಕಿ ಚೂರು ಮ್ಯಾಲೆ ಬರ್ತಾವ. ಬಾಜೂಕ ಹುಣಸಿ ತೋಪು, ದರ್ಗಾ, ಒಂದು ವೀರಗಲ್ಲು. ಮೀನು ಹಿಡಿಯೋರ ತೆಪ್ಪ ನಿಲ್ಲೋದೂ ಅಲ್ಲೇ. ಉಡುಪಿ, ಕಾರವಾರ ಕಡಿ ಸಮುದ್ರ ದಂಡಿಗೆ ರೆಸಾರ್ಟ್ ಕಟ್ಟಿದ್ರ ಸಿಆರ್‌ಝಡ್ ಅಂತ ತಡೀತಾರ. ನಮ್ಮ ಹೊಳಿ ದಂಡಿಗೆ ಅಂಥ ಕಾನೂನು ಇಲ್ಲೇನ್ರಿ? ಊರಾಗ ಅರ್ಧ ಮಂದಿ ನೌಕರಿ ಸಿಗ್ತದ, ಸುಮ್ನಿರ್ರಿ ಅಂತಾರ. ನಾವೇನು ಮಾಡ್ಬೇಕು?

ಉತ್ತರ: ಶರಣು. ಇಲ್ಲ, ಅಂಥ ಕಾನೂನು ಇಲ್ಲ. ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಸಮುದ್ರಕ್ಕೂ ಅದರ ಉಬ್ಬರದ ನೀರು ಎಲ್ಲಿಯವರೆಗೆ ಏರುತ್ತದೋ ಆ ಅಳಿವೆ, ಹಿನ್ನೀರುಗಳಿಗೂ ಮಾತ್ರ ಅನ್ವಯ. ನಮ್ಮ ಭೀಮೆಗೆ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಏರುತ್ತದೆ, ಬಿಡದಿದ್ದರೆ ಕಲ್ಲು ಕಾಣುತ್ತದೆ.

‘ಹಾಗಾದರೆ ಜೌಗು ಪ್ರದೇಶದ ನಿಯಮ ಇದೆಯಲ್ಲ’ ಎಂದು ಯಾರಾದರೂ ಹೇಳಬಹುದು. 2017ರ ಆ ನಿಯಮಗಳಲ್ಲಿ ನದಿಯ ಪಾತ್ರವನ್ನೇ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ, ನೀರಾವರಿಗೆ ಕಟ್ಟಿದ ಕೆರೆಗಳನ್ನೂ ಹೊರಗಿಟ್ಟಿದ್ದಾರೆ. ಅದನ್ನು ಓದದೆ ಅರ್ಜಿಯಲ್ಲಿ ಸೇರಿಸಿದರೆ ಎದುರಿನ ವಕೀಲರಿಗೆ ನೀವೇ ಒಂದು ಅಂಕ ಕೊಟ್ಟಂತೆ. ಇನ್ನು ‘ಸಾರ್ವಜನಿಕ ಅಹವಾಲು ಸಭೆ ಕರೆಯಲಿ’ ಎಂಬ ಬೇಡಿಕೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಕಟ್ಟಡ ಯೋಜನೆಗಳು ಪರಿಸರ ಅನುಮತಿಯ ಕಕ್ಷೆಗೆ ಬರುವುದು 20,000 ಚದರ ಮೀಟರ್ ಕಟ್ಟಡ ವಿಸ್ತೀರ್ಣದಿಂದ ಮೇಲೆ. ನಲವತ್ತು ಕಾಟೇಜು, ಒಂದು ಈಜುಕೊಳ, ಒಂದು ಹಾಲ್ ಇರುವ ರೆಸಾರ್ಟ್ ಅಷ್ಟು ದೊಡ್ಡದಾಗುವುದಿಲ್ಲ. ಆದರೂ ಎಲ್ಲ ಹೋರಾಟಗಳೂ ಈ ಬೇಡಿಕೆಯಿಂದಲೇ ಶುರುವಾಗುತ್ತವೆ, ಯಾಕೋ ಗೊತ್ತಿಲ್ಲ.

ಸಮುದ್ರದ ದಂಡೆಯವರ ಬಗ್ಗೆ ನಿಮಗಿರುವ ಹೊಟ್ಟೆಕಿಚ್ಚನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಕೇರಳದ ವೇಂಬನಾಡು ಹಿನ್ನೀರಿನ ನೆಡಿಯತುರುತ್ತು ಎಂಬ ನಡುಗಡ್ಡೆಯಲ್ಲಿ ಕಾಪಿಕೊ ಎಂಬ ರೆಸಾರ್ಟ್ ಬಂತು. ಸಿಆರ್‌ಝಡ್ ಇದ್ದಾಗಲೇ ಬಂತು, 54 ವಿಲ್ಲಾಗಳು ಎದ್ದು ನಿಂತವು. ಕೋರ್ಟಿಗೆ ಹೋದವರಲ್ಲಿ ಆ ನೀರಿನಲ್ಲಿ ಗೂಟ ನೆಟ್ಟು ಬಲೆ ಕಟ್ಟುವ ಮೀನುಗಾರರಿದ್ದರು. ನಮ್ಮ ಬಲೆಯ ಗೂಟಗಳು ಹೋದವು, ನಾವು ಮೀನು ಹಿಡಿಯುವ ಜಾಗ ಹೋಯಿತು ಎಂಬುದು ಅವರ ದೂರು. 2013ರಲ್ಲಿ ಕೇರಳ ಹೈಕೋರ್ಟ್ ಕೆಡವಲು ಹೇಳಿತು, 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಕೆಡವುವ ಕೆಲಸ ಶುರುವಾದದ್ದು 2022ರಲ್ಲಿ. ಅಷ್ಟು ದೊಡ್ಡ ಕಾನೂನು ಇದ್ದೂ ಕಟ್ಟಡ ಎದ್ದಿತ್ತು. ಗೂಟ ಎಲ್ಲಿ ನೆಟ್ಟಿದ್ದೆವು ಎಂದು ತೋರಿಸಬಲ್ಲ ಮನುಷ್ಯರು ಇದ್ದುದರಿಂದ ಆ ಪ್ರಕರಣ ನಿಂತಿತು. ನಿಮ್ಮ ತೆಪ್ಪದವರನ್ನು ನಾನು ಮೊದಲು ನೆನೆಯುವುದು ಅದಕ್ಕೇ.

ನಿಮಗೆ ಇನ್ನೂ ಹತ್ತಿರದ ತೀರ್ಪು ನದಿಯದೇ ಇದೆ. ಹಿಮಾಚಲದಲ್ಲಿ ಬಿಯಾಸ್ ನದಿಯ ದಂಡೆಯ ಮೇಲೆ ಒಂದು ಮೋಟೆಲ್ ಇತ್ತು. ಪ್ರವಾಹ ತನ್ನ ಕಡೆ ಬರಬಾರದೆಂದು ಅದು ಬುಲ್ಡೋಜರ್ ತಂದು ನದಿಯನ್ನೇ ಆಚೆ ತಿರುಗಿಸಲು ಹೊರಟಿತು. ಎಂ.ಸಿ. ಮೆಹ್ತಾ ಮತ್ತು ಕಮಲ್‌ನಾಥ್ ಪ್ರಕರಣ ಎಂದು ಹೆಸರಾದ ಆ ತೀರ್ಪಿನಲ್ಲಿ, 1996ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟ್ ನದಿ, ದಂಡೆ, ಕಾಡು ಇವುಗಳಿಗೆ ಸರ್ಕಾರ ಮಾಲೀಕನಲ್ಲ, ಜನರ ಪರವಾಗಿ ಇಟ್ಟುಕೊಂಡಿರುವ ಟ್ರಸ್ಟಿ ಎಂದಿತು. ಗುತ್ತಿಗೆಗೆ ಕೊಟ್ಟಿದ್ದ ಅನುಮತಿಯನ್ನು ರದ್ದು ಮಾಡಿ, ಕೆಟ್ಟದ್ದನ್ನು ಸರಿಪಡಿಸುವ ಖರ್ಚು ಮೋಟೆಲಿನದೇ ಎಂದಿತು. ಆದರೆ ಆ ಜಾಗ ಸರ್ಕಾರ ಗುತ್ತಿಗೆಗೆ ಕೊಟ್ಟದ್ದು. ನಿಮ್ಮೂರಿನದು ಖಾಸಗಿ ಖರೀದಿ. ಆದ್ದರಿಂದ ಆ ತೀರ್ಪನ್ನು ಕೈಯಲ್ಲಿ ಹಿಡಿದು ಓಡುವ ಮೊದಲು ಒಂದು ಪ್ರಶ್ನೆ ಇತ್ಯರ್ಥ ಆಗಬೇಕು: ಬೇಲಿಯೊಳಗೆ ಖಾಸಗಿಯದು ಎಷ್ಟು, ಹೊಳೆಯದು ಎಷ್ಟು?

ನಿಮ್ಮ ಪ್ರಕರಣದ ಜೀವ ಇಲ್ಲೇ ಇದೆ, ಹಾಗಾಗಿ ಇದನ್ನು ಬಿಡಿಸಿ ಬರೆಯುತ್ತೇನೆ.

ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ನದಿ, ಹಳ್ಳ, ನಾಲಾ, ಕೆರೆಗಳ ತಳ, ಸಾರ್ವಜನಿಕ ದಾರಿ ಇವೆಲ್ಲ ಸರ್ಕಾರದ ಸ್ವತ್ತು. ಯಾರೂ ಮಾರಲಾರರು, ಯಾರೂ ಕೊಳ್ಳಲಾರರು. ಆದರೆ ಭೀಮೆ ಒಂದೇ ಜಾಗದಲ್ಲಿ ಹರಿಯುವ ಹೊಳೆಯಲ್ಲ. ಒಂದು ಕಡೆ ಕೊರೆಯುತ್ತದೆ, ಇನ್ನೊಂದು ಕಡೆ ಮಣ್ಣು ತುಂಬುತ್ತದೆ. ಹಾಗೆ ತುಂಬಿದ ಜಾಗವನ್ನು ನಾಲ್ಕು ವರ್ಷ ಉತ್ತು, ‘ಇದು ನಮ್ಮ ಸರ್ವೆ ನಂಬರಿನದೇ’ ಎಂದು ಬೇಲಿಯೊಳಗೆ ಎಳೆದುಕೊಂಡದ್ದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಖರೀದಿ ಪತ್ರದಲ್ಲಿ ಇಪ್ಪತ್ತು ಎಕರೆ, ಬೇಲಿಯೊಳಗೆ ಇಪ್ಪತ್ಮೂರು.

ಗ್ರಾಮ ನಕ್ಷೆ, ಆ ಸರ್ವೆ ನಂಬರುಗಳ ಟಿಪ್ಪಣಿ (ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಈ ಮೂರರ ದೃಢೀಕೃತ ನಕಲು ತೆಗೆಸಿ. ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಸೇತ್ವಾರ್ ಎಂಬ ಆ ಕಾಲದ ಭೂದಾಖಲೆ, 1954–55ರ ಖಾಸ್ರಾ ಪಹಣಿಯೂ ಬೇಕು. ಬೆಂಗಳೂರು ಕಡೆಯ ವಕೀಲರು ಇವನ್ನು ಕೇಳುವುದೇ ಇಲ್ಲ, ಅವರ ಕಡೆ ಅವು ಇಲ್ಲ. ಇನಾಮು, ಗಾಯರಾಣ (ದನ ಮೇಯುವ ಜಾಗ), ದರ್ಗಾದ ಜಾಗ, ಬಂಡಿದಾರಿ ಮೊದಲು ಹೇಗಿದ್ದವು ಎಂಬುದು ಆ ಹಳೆಯ ಕಾಗದಗಳಲ್ಲಿ ಸಿಕ್ಕುತ್ತದೆ, ಉರ್ದುವಿನಲ್ಲಿದ್ದರೆ ಓದಬಲ್ಲ ಹಿರಿಯರನ್ನು ಹುಡುಕಿಕೊಳ್ಳಿ. ಈಗಿನ ಪಹಣಿಯಲ್ಲಿ ಫೂಟ್ ಖರಾಬ್, ಅಂದರೆ ಸಾಗುವಳಿಗೆ ಬಾರದ ಜಾಗ, ಎಂಬ ಸಾಲು ನೋಡಿ. ‘ಎ’ ಖರಾಬ್ ಮಾಲೀಕನ ಹೊಲದ ಕಲ್ಲು ಬಂಡೆ. ‘ಬಿ’ ಖರಾಬ್ ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ್ದು, ಅದು ಖರೀದಿಯಲ್ಲಿ ಹೋಗುವುದಿಲ್ಲ. ನಿಮ್ಮ ಬಂಡಿದಾರಿ ಗ್ರಾಮ ನಕ್ಷೆಯಲ್ಲಿ ಗೆರೆಯಾಗಿ ಇದ್ದರೆ, ಅಥವಾ ‘ಬಿ’ ಖರಾಬಿನಲ್ಲಿ ಗುಂಟೆಯಾಗಿ ಇದ್ದರೆ, ಬೇಲಿ ತೆಗೆಸಲು ತಹಸೀಲ್ದಾರರಿಗೆ ಒಂದು ಅರ್ಜಿ, ಒಂದು ಮೋಜಣಿ ಸಾಕು. ಪರಿಸರದ ಮಾತೇ ಎತ್ತಬೇಕಾಗಿಲ್ಲ. ದಾರಿ ವಿಷಯದಲ್ಲಿ ಕೋರ್ಟುಗಳು ಗಟ್ಟಿಯಾಗಿ ನಿಂತಿವೆ. ಗೋವಾದ ದೋನಾ ಪಾವ್ಲಾದಲ್ಲಿ ಹೋಟೆಲೊಂದು ಬೀಚಿಗೆ ಹೋಗುವ ಹಳೆಯ ದಾರಿಗೆ ಅಡ್ಡ ಕಟ್ಟಿದಾಗ, 2009ರಲ್ಲಿ ಸುಪ್ರೀಂ ಕೋರ್ಟ್ ಜನರ ದಾರಿಯ ಪರ ನಿಂತಿತು.

ಇದೇ ಕಾಗದಗಳಲ್ಲಿ ಇನ್ನೊಂದನ್ನೂ ನೋಡಿ. ಆ ಇಪ್ಪತ್ತು ಎಕರೆಯಲ್ಲಿ ಯಾವುದಾದರೂ ತುಂಡು ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿತ್ತೇ? ಆಗಿದ್ದರೆ, ಪಿಟಿಸಿಎಲ್ ಎಂದು ಕರೆಯುವ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದರ ಮಾರಾಟ ಆಗುವಂತಿಲ್ಲ. ತಡವಾಗಿ ಬಂದಿರಿ ಎಂದು 2017ರಿಂದ ಇಂಥ ಅರ್ಜಿಗಳು ವಜಾ ಆಗುತ್ತಿದ್ದವು, 2023ರ ತಿದ್ದುಪಡಿ ಆ ಕಾಲಮಿತಿಯ ತೊಡಕನ್ನು ತೆಗೆಯಲೆಂದೇ ಬಂತು. ಆದರೆ ಒಂದು ಎಚ್ಚರಿಕೆ: ಈ ಹಕ್ಕು ಆ ಕುಟುಂಬದ್ದು. ಊರಿನ ಹೋರಾಟಕ್ಕೆ ಅವರನ್ನು ಆಯುಧ ಮಾಡಿಕೊಂಡು, ಗೆದ್ದ ಮೇಲೆ ಅವರ ಹೊಲ ಅವರಿಗೆ ಸಿಕ್ಕಿತೋ ಇಲ್ಲವೋ ಎಂದು ಯಾರೂ ತಿರುಗಿ ನೋಡದ ಉದಾಹರಣೆ ನನಗೆ ಗೊತ್ತು. ಅವರಿಗೆ ಬೇಕಿದ್ದರೆ ಮಾತ್ರ, ಅವರ ಹೆಸರಿನಲ್ಲಿ, ಅವರಿಗಾಗಿ.

ಈಗ ಪ್ರವಾಹ. ಊರವರು ಇದನ್ನು ದಾಖಲೆ ಎಂದೇ ಎಣಿಸುವುದಿಲ್ಲ, ಅದಕ್ಕೇ ಕೇಳುತ್ತೇನೆ: 2020ರ ಅಕ್ಟೋಬರಿನಲ್ಲಿ ಮೇಲಿನಿಂದ ನೀರು ಬಿಟ್ಟು, ಸೊನ್ನ ಬ್ಯಾರೇಜು ದಾಟಿ ಭೀಮೆ ಊರೂರು ಹೊಕ್ಕಿತಲ್ಲ, ಆಗ ಆ ಇಪ್ಪತ್ತು ಎಕರೆ ಮುಳುಗಿತ್ತೇ? 2025ರ ಸೆಪ್ಟೆಂಬರಿನಲ್ಲಿ? ಮುಳುಗಿದ್ದರೆ ಆಗಿನ ಹೊಲದವರಿಗೆ ಬೆಳೆಹಾನಿ ಪರಿಹಾರ ಬಂದಿರುತ್ತದೆ. ಪರಿಹಾರ ಬಂದಿದ್ದರೆ ಪಂಚನಾಮೆ ಆಗಿರುತ್ತದೆ. ಪಂಚನಾಮೆಯಲ್ಲಿ ಸರ್ವೆ ನಂಬರು ಇರುತ್ತದೆ, ಗ್ರಾಮಲೆಕ್ಕಿಗರ ಸಹಿ ಇರುತ್ತದೆ. ‘ಈ ಜಮೀನು ಹೊಳೆ ಉಕ್ಕಿದರೆ ಮುಳುಗುತ್ತದೆ’ ಎಂದು ಸರ್ಕಾರ ತಾನೇ ಬರೆದುಕೊಟ್ಟ ಕಾಗದ ಅದು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ, 30 ದಿನದಲ್ಲಿ ಕೊಡಬೇಕು. ಮುಳುಗುವ ಜಮೀನಿನಲ್ಲಿ ಕಾಟೇಜು ಕಟ್ಟುವವನು ಮೊದಲು ಮಾಡುವ ಕೆಲಸ ಮುರುಮು ತುಂಬಿ ಎತ್ತರ ಮಾಡುವುದು, ಹೊಳೆ ಕಡೆಗೆ ಗೋಡೆ ಕಟ್ಟುವುದು. ಆಗ ಆ ನೀರು ಎಲ್ಲಿಗೆ ಹೋಗಬೇಕು? ಬಾಜೂ ಹೊಲಕ್ಕೆ, ಎದುರು ದಂಡೆಯ ಯಾದಗಿರಿ ಜಿಲ್ಲೆಯ ಊರಿಗೆ. ಎದುರು ದಂಡೆಯವರ ಜೊತೆ ಈಗಲೇ ಮಾತಾಡಿಕೊಳ್ಳಿ. ಎರಡು ಜಿಲ್ಲೆಯ ರೈತರು ಒಟ್ಟಿಗೆ ಸಹಿ ಮಾಡಿದ ಅರ್ಜಿಯನ್ನು ಒಬ್ಬ ಅಧಿಕಾರಿ ಇನ್ನೊಬ್ಬರ ಮೇಜಿಗೆ ದೂಡುವುದು ಕಷ್ಟ. (ದೂಡುವುದಿಲ್ಲ ಎಂದಲ್ಲ.)

ದಿಬ್ಬದ ಬಗ್ಗೆ ಸ್ವಲ್ಪ ಕಹಿ ಮಾತು. ಸನ್ನತಿ, ಕನಗನಹಳ್ಳಿ ನಿಮ್ಮ ತಾಲ್ಲೂಕಿನವೇ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ಮೂರ್ತಿಗೆ ಪೀಠವಾಗಿ ಕೂತಿದ್ದ ಕಲ್ಲೇ ಅಶೋಕನ ಶಾಸನ ಎಂದು ಗೊತ್ತಾಯಿತು. ಕನಗನಹಳ್ಳಿಯಲ್ಲಿ 1994ರಿಂದ ಅಗೆದಾಗ ಹೊಲದ ನಡುವಿನ ದಿಬ್ಬದೊಳಗೆ ಬೌದ್ಧ ಮಹಾಚೈತ್ಯವೇ ಮಲಗಿತ್ತು. ಅಶೋಕನ ಚಿತ್ರದ ಮೇಲೆ ‘ರಾಯ ಅಸೋಕೊ’ ಎಂದು ಹೆಸರೂ ಕೆತ್ತಿತ್ತು. ಅಂಥ ನೆರೆಯಲ್ಲಿ ದೊಡ್ಡ ಇಟ್ಟಂಗಿ ಮೇಲೆ ಬರುವ ದಿಬ್ಬ ಎಂದರೆ ಯಾವ ಪುರಾತತ್ವದವರಿಗೂ ಕಿವಿ ನಿಮಿರಬೇಕು. ಆದರೆ ಕಾನೂನಿನ ಕಿವಿ ನಿಮಿರುವುದಿಲ್ಲ. ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂಬ 2010ರ ಕಟ್ಟು, ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕಕ್ಕೆ ಮಾತ್ರ. ನಿಮ್ಮ ದಿಬ್ಬ ಘೋಷಿತ ಅಲ್ಲ. ಘೋಷಣೆ ಆಗಬೇಕೆಂದರೆ ಮೊದಲು ಎರಡು ತಿಂಗಳ ನೋಟಿಸ್, ಆಕ್ಷೇಪಣೆ, ವಿಚಾರಣೆ. ಜೆಸಿಬಿಗೆ ಒಂದು ರಾತ್ರಿ ಸಾಕು.

ಹಾಗಾಗಿ ಘೋಷಣೆಗಾಗಿ ಕಾಯದೆ, ದಿಬ್ಬ ಇದೆ ಎಂಬುದನ್ನೇ ದಾಖಲೆ ಮಾಡಿ. ಬೇಲಿಯ ಹೊರಗಿನಿಂದ, ದಿನಾಂಕ ಮತ್ತು ಜಾಗದ ಗುರುತು ಬರುವ ಹಾಗೆ ಫೋಟೋ ತೆಗೆಯಿರಿ. ಬೇಲಿಯ ಹೊರಗೂ ಇಟ್ಟಂಗಿ ಬಿದ್ದಿದ್ದರೆ ಅದರ ಪಕ್ಕ ಅಳತೆಪಟ್ಟಿ ಇಡಿ. ಒಂದು ಚೂರೂ ಎತ್ತಿ ಮನೆಗೆ ತರಬೇಡಿ, ಸ್ಥಳದಿಂದ ಕದಲಿದ ಚೂರಿಗೆ ಸಾಕ್ಷ್ಯದ ಬೆಲೆ ಇಲ್ಲ, ಮೇಲಾಗಿ ನಿಮ್ಮ ಮೇಲೇ ನಿಧಿಗಳ್ಳರೆಂಬ ಮಾತು ಬಂದೀತು. ರಾಜ್ಯ ಪುರಾತತ್ವ ಇಲಾಖೆಗೂ ಜಿಲ್ಲಾಧಿಕಾರಿಗೂ ಒಂದೇ ದಿನ ಅರ್ಜಿ ಕೊಟ್ಟು, ಸ್ಥಳ ಪರಿಶೀಲನೆ ಆಗುವವರೆಗೆ ಅಗೆತ ನಿಲ್ಲಿಸಿ ಎಂದು ಕೇಳಿ. ಅಲ್ಲಿಗೆ ‘ನಮಗೆ ಗೊತ್ತಿರಲಿಲ್ಲ’ ಎಂಬ ಮಾತು ಮುಂದೆ ಯಾರ ಬಾಯಲ್ಲೂ ಬರುವಂತಿಲ್ಲ. ವೀರಗಲ್ಲನ್ನು ಗುಡಿಯ ಕಟ್ಟೆಗೆ ತಂದಿಡೋಣ ಎಂದು ಹುಡುಗರು ಹೊರಟಾರು, ಬೇಡವೆನ್ನಿ. ಸುರಪುರ ತಾಲ್ಲೂಕಿನ ಬೂದಿಹಾಳದ ಬೂದಿ ದಿಬ್ಬ ಹೊಸ ಶಿಲಾಯುಗದ ದನಗಾಹಿಗಳ ನೆಲೆ ಎಂದು ಅಗೆದವರು ತೋರಿಸಿಕೊಟ್ಟರು. ಅಂಥ ಬೂದಿಯನ್ನೇ ನಮ್ಮ ಹಿರಿಯರು ಒಳ್ಳೆಯ ಗೊಬ್ಬರವೆಂದು ಬಂಡಿ ತುಂಬಿ ಹೊಲಕ್ಕೆ ಹಾಕಿದ್ದೂ ಉಂಟು. ಹೊರಗಿನವರನ್ನಷ್ಟೇ ಬೈದರೆ ನ್ಯಾಯ ಆಗುವುದಿಲ್ಲ.

ಹುಣಸಿ ತೋಪಿಗೆ ಒಂದು ದಾರಿ ಇದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲಿ ಒಂದು ಸಮಿತಿ ಇರಬೇಕು, ಊರಿನ ಗಿಡ, ಮೀನು, ಹಕ್ಕಿಗಳ ದಾಖಲೆ ಪುಸ್ತಕ ಇರಬೇಕು. ಬಹಳ ಕಡೆ ಅದು ಕಪಾಟಿನೊಳಗೆ ಇರುತ್ತದೆ. ನಿಮ್ಮ ತೋಪು ಅದರಲ್ಲಿದೆಯೇ ನೋಡಿ, ಇಲ್ಲದಿದ್ದರೆ ಸೇರಿಸಲು ಬರೆದು ಕೊಡಿ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ನಿಮ್ಮದು ಅಷ್ಟು ಹಳೆಯದೆಂದು ನಾನು ಹೇಳುತ್ತಿಲ್ಲ, ಆದರೆ ಹುಣಸೆ ತೋಪನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದುಕೊಳ್ಳಬೇಡಿ.

ಇನ್ನು ಅವರು ಪಡೆಯಬೇಕಾದ ಅನುಮತಿಗಳು. ಮೊದಲು ಎನ್‌ಎ, ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸುವ ಅನುಮತಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು, ಹಾಗಾಗಿ ‘ಅವರು ರೈತರಲ್ಲ’ ಎಂಬ ವಾದ ಈಗ ನಡೆಯದು. ಆದರೆ ಹೊಲದಲ್ಲಿ ರೆಸಾರ್ಟ್ ಕಟ್ಟಲು ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಬೇಕೇ ಬೇಕು. ಆ ಅರ್ಜಿಯ ಜೊತೆ ಅವರು ಕೊಟ್ಟ ಅಫಿಡವಿಟ್ಟಿನ ನಕಲು ತೆಗೆಸಿ. ಹಳ್ಳ, ದಾರಿ, ಸ್ಮಾರಕ ಏನೂ ಇಲ್ಲವೆಂದು ಅದರಲ್ಲಿ ಬರೆದಿದ್ದು, ನಕ್ಷೆಯಲ್ಲಿ ಅವು ಇದ್ದರೆ, ನಿಮಗೆ ಅದಕ್ಕಿಂತ ಗಟ್ಟಿ ಹಿಡಿಕೆ ಸಿಗದು. ಆಮೇಲೆ ಪಂಚಾಯತಿಯ ಕಟ್ಟಡ ಪರವಾನಗಿ. ಆಮೇಲೆ ಕೊಳಚೆ ನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಕೆಳಗೆ ಯಾದಗಿರಿ ಇದೇ ನೀರು ಕುಡಿಯುವುದರಿಂದ ಕೊನೆಯದನ್ನು ಹಗುರ ಮಾಡಬೇಡಿ.

ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಆದರೆ ‘ಗ್ರಾಮಸಭೆ ಬೇಡವೆಂದರೆ ರೆಸಾರ್ಟ್ ಬರುವಂತಿಲ್ಲ’ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಅನುಸೂಚಿತ (ಬುಡಕಟ್ಟು) ಪ್ರದೇಶವಲ್ಲದ ನಮ್ಮ ಕಡೆ ಠರಾವಿಗೆ ಅಷ್ಟು ಬಲವಿಲ್ಲ. ಅದು ಸಾಕ್ಷಿ. ಅದರಲ್ಲಿ ‘ವಿರೋಧಿಸುತ್ತೇವೆ’ ಎಂದಷ್ಟೇ ಬರೆಸದೆ, ಸರ್ವೆ ನಂಬರು, ದಾರಿ, ದಿಬ್ಬ, ತೆಪ್ಪ ನಿಲ್ಲುವ ಜಾಗ, 2020ರ ನೀರಿನ ಮಟ್ಟ ಎಲ್ಲ ಬರೆಸಿ. ಪಿಡಿಒ ಬರೆಯಲು ಹಿಂಜರಿದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಕಾಲಮಿತಿಯ ಬಗ್ಗೆ ನನ್ನದೇ ತಪ್ಪು ಹೇಳುತ್ತೇನೆ. ಹಲವು ವರ್ಷದ ಹಿಂದೆ ಬೀದರ್ ಕಡೆಯ ಒಂದೂರಿನ ಹಳ್ಳದ ದಂಡೆಯ ಕಟ್ಟಡದ ವಿಷಯ ನನ್ನ ಬಳಿ ಬಂತು. ಊರವರು ಧರಣಿ ಕೂತಿದ್ದರು, ಪೇಪರಿನಲ್ಲಿ ಫೋಟೋ ಬರುತ್ತಿತ್ತು, ಇನ್ನೇನು ಅಧಿಕಾರಿಗಳೇ ನಿಲ್ಲಿಸುತ್ತಾರೆ ಎಂದು ನಾನೂ ಕಾದೆ. ಹಸಿರು ನ್ಯಾಯಮಂಡಳಿಗೆ ಹೋಗುವ ಹೊತ್ತಿಗೆ ಒಂಬತ್ತನೇ ತಿಂಗಳು. 2010ರ ಆ ಕಾಯ್ದೆಯಲ್ಲಿ ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನು 60 ದಿನ, ಅಷ್ಟೇ. ಅರ್ಜಿ ಒಳಗೇ ಹೋಗಲಿಲ್ಲ. ಆ ಊರಿನ ಒಬ್ಬ ಅಜ್ಜಿ ನನ್ನನ್ನು ಬೈಯಲಿಲ್ಲ, ‘ನೀವು ದಿನಾ ಎಣಿಸ್ತಿದ್ರಿ ಅನ್ಕೊಂಡಿದ್ದೆ’ ಎಂದಳು. ನಿಮ್ಮ ಬೇಲಿ ಯಾವ ದಿನ ಬಿತ್ತು, ಮಣ್ಣು ತುಂಬಲು ಯಾವ ದಿನ ಮೊದಲ ಟಿಪ್ಪರ್ ಬಂತು, ಇವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹಸಿರು ನ್ಯಾಯಮಂಡಳಿಯ ದಕ್ಷಿಣದ ಪೀಠ ಚೆನ್ನೈಯಲ್ಲಿದೆ. ಕೊಳಚೆ, ನದಿ, ಜೀವವೈವಿಧ್ಯ ಅಲ್ಲಿಗೆ. ದಾರಿ, ಎನ್‌ಎ, ಮಂಜೂರಾತಿ ಜಮೀನು ಅಲ್ಲಿಗಲ್ಲ, ಅವೆಲ್ಲ ಕಂದಾಯದ ಅಧಿಕಾರಿಗಳ ಮುಂದೆ, ಆಮೇಲೆ ಬೇಕಾದರೆ ಹೈಕೋರ್ಟಿಗೆ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದು 2013ರಲ್ಲಿ ಅದು ಕಾಯಂ ಆದ ಮೇಲೆ ಅದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ, ಕಲಬುರಗಿಯಲ್ಲೇ ಆಗುತ್ತದೆ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕಟ್ಟಿ ಒಂದೇ ಬಾಗಿಲಿಗೆ ಒಯ್ಯಬೇಡಿ.

ನೌಕರಿಯ ಮಾತು ಉಳಿಯಿತು. ‘ಸುಮ್ನಿರ್ರಿ’ ಎನ್ನುವ ಆ ಅರ್ಧ ಮಂದಿಯನ್ನು ಮಾರಿಕೊಂಡವರೆಂದು ಬೈಯಬೇಡಿ. ತೊಗರಿ ಕೈಕೊಟ್ಟ ವರ್ಷ ಮಕ್ಕಳನ್ನು ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಕಳಿಸಿದ ಮನೆಯವರು ಅವರು. ಮನೆ ಹತ್ತಿರ ಕೆಲಸ ಎಂದರೆ ಅವರಿಗೆ ಆಸೆ ಆಗದೆ ಇನ್ನೇನು? ಅವರನ್ನು ಕರೆದು ಒಂದೇ ಕೇಳಿ: ಎಷ್ಟು ಮಂದಿಗೆ, ಯಾವ ಕೆಲಸ, ಎಷ್ಟು ಪಗಾರ, ಪಿಎಫ್ ಉಂಟೋ ಇಲ್ಲವೋ, ಇದನ್ನು ರೆಸಾರ್ಟಿನವರು ಬರೆದುಕೊಡಲಿ. ಬರೆದುಕೊಟ್ಟರೆ ಒಳ್ಳೆಯದೇ, ಊರು ಲೆಕ್ಕ ಹಾಕಬಹುದು. ಕೊಡದಿದ್ದರೆ ಅದೂ ಒಂದು ಉತ್ತರ. ನನ್ನ ಮಟ್ಟಿಗೆ, ರೆಸಾರ್ಟ್ ಎಂಬುದೇ ಪಾಪವಲ್ಲ. ಮುಳುಗದ ಎತ್ತರದ ಹೊಲದಲ್ಲಿ, ದಾರಿ ಬಿಟ್ಟು, ದಿಬ್ಬ ಬಿಟ್ಟು ಕಟ್ಟುತ್ತೇವೆ ಎಂದರೆ ನಾನು ಕೇಸು ಹಾಕಲು ಹೇಳುತ್ತಿರಲಿಲ್ಲ. ಸನ್ನತಿ ನೋಡಲು ಬಂದವರಿಗೆ ಹತ್ತಿರದಲ್ಲಿ ಉಳಿಯಲು ಒಂದು ಒಳ್ಳೆಯ ಜಾಗ ಇದ್ದರೆ ನಮಗೇನು ನಷ್ಟ? ಅವರಿಗೆ ಬೇಕಾದ್ದು ಹೊಳೆಗೆ ಹತ್ತಿದ ಆ ಅಂಚೇ ಆಗಿದ್ದರೆ ಮಾತ್ರ ಜಗಳ.

ಬೇಲಿ ಕೀಳಬೇಡಿ, ಕಿತ್ತ ರಾತ್ರಿಯೇ ನಿಮ್ಮ ಮೇಲೆ ಎಫ್‌ಐಆರ್ ಆಗಿ ಪ್ರಕರಣ ತಲೆಕೆಳಗಾಗುತ್ತದೆ. ವಾಟ್ಸಾಪಿನಲ್ಲಿ ಮಾಲೀಕರ ಹೆಸರು ಹಿಡಿದು ಬರೆಯುವುದನ್ನೂ ಹುಡುಗರಿಗೆ ಬಿಡಿಸಿ. ಈ ವಾರ ಮೂರು ಕೆಲಸ ಆದರೆ ಸಾಕು: ನಕ್ಷೆ ಮತ್ತು ಪಹಣಿಗೆ ಅರ್ಜಿ, ಪಂಚನಾಮೆಗೆ ಮಾಹಿತಿ ಹಕ್ಕಿನ ಅರ್ಜಿ, ದಿಬ್ಬದ ಬಗ್ಗೆ ಜಿಲ್ಲಾಧಿಕಾರಿಗೆ ಅರ್ಜಿ. ಕಾಗದ ಕೈಗೆ ಬಂದ ಮೇಲೆ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಡವರಿಗೆ ಅಲ್ಲಿ ವಕೀಲರು ಬಿಟ್ಟಿ ಸಿಗುತ್ತಾರೆ. ಹೋಗುವಾಗ ತೆಪ್ಪದವರಲ್ಲಿ ಒಬ್ಬರನ್ನಾದರೂ ಕರೆದುಕೊಂಡು ಹೋಗಿ. ಪಹಣಿಯ ಮೊಬೈಲ್ ಫೋಟೋ ಬೇಡ, ಸೀಲು ಬಿದ್ದ ನಕಲು ಇರಲಿ.